ಆಟಿ ಅಮಾವಾಸ್ಯೆ, ಹೊಯ್ಗೆ ಬೇಸಿನ್, ಬಾಬು

ಜುಲೈ 24, 2025, ಗುರುವಾರ
ಬಿಜೈ, ಮಂಗಳೂರು

ಇವತ್ತು ಆಟಿ ಅಮಾವಾಸ್ಯೆ, ತುಳುವರ ಆಟಿ ತಿಂಗಳಿನದು. ಬೆಳಕು ಹರಿಯುವ ಮೊದಲೇ ಅಮ್ಮ ಎಬ್ಬಿಸಿ ಈ ದಿನ ಕುಡಿಯುವ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯದ ಲೋಟ ಕೈಗಿಟ್ಟರು. ಕಹಿ ಅಂದ್ರೆ ಕಹಿ. ಹಿಂದೆಯೇ ಬೆಲ್ಲದ ತುಂಡು, ಆಮೇಲೆ ಮೆಂತೆ ಗಂಜಿ. "ಬಾಬುವಿಗೂ ಎರಡು ಬಿಂದು ಹಾಕ್ಲಾ?" ಅಂತ ನಮ್ಮ ಬೆಕ್ಕನ್ನು ತೋರಿಸಿ ಕೇಳಿದರು. ತಮಾಷೆ ಅಂದುಕೊಂಡೆ, ಅಲ್ಲ. ಬೇಡಮ್ಮ, ಈ ವಾರ ಅವನಿಗೆ ಚುಚ್ಚಿದ್ದೇ ಸಾಕಾಗಿದೆ ಅಂದೆ.

ಬಾಬು ನಿನ್ನೆ ಸಂಜೆ ಆಸ್ಪತ್ರೆಯಿಂದ ಮನೆಗೆ ಬಂದ. ಮುಂಗಾಲಿನಲ್ಲಿ ಡ್ರಿಪ್ ಹಾಕಲು ಬೋಳಿಸಿದ ಜಾಗ ಬಳೆ ತೊಟ್ಟ ಹಾಗೆ ಕಾಣುತ್ತದೆ.

ಆದದ್ದು ಇಷ್ಟು. ಆದಿತ್ಯವಾರ ಮಧ್ಯಾಹ್ನದಿಂದ ತನ್ನ ಕಕ್ಕ-ಉಚ್ಚೆಯ ಹೊಯ್ಗೆ (ಮರಳು) ಬೇಸಿನ್‌ಗೆ ಹೋಗುತ್ತಾನೆ, ಕೂತು ತಿಣುಕುತ್ತಾನೆ, ಹೊಯ್ಗೆ ಎಳೆದು ಮುಚ್ಚಿ ಬರುತ್ತಾನೆ, ಐದು ನಿಮಿಷಕ್ಕೆ ಮತ್ತೆ ಹೋಗುತ್ತಾನೆ. ಮಲಬದ್ಧತೆ ಅಂತ ಮನೆಯವರೆಲ್ಲ ಸೇರಿ ತೀರ್ಮಾನಿಸಿದೆವು. ಅಮ್ಮ ಹರಳೆಣ್ಣೆ ಬಾಟ್ಲಿ ಹುಡುಕಿದರು. ಪಕ್ಕದ ಮನೆ ಅಕ್ಕ "ನೋವಿಗೆ ಪ್ಯಾರಾಸಿಟಮಾಲ್ ಕಾಲು ತುಂಡು ಕೊಡಿ, ಮಗುವಿಗೆ ಕೊಡುವುದಿಲ್ವಾ" ಅಂದರು. ಪುಣ್ಯಕ್ಕೆ ಅದೊಂದು ನನಗೆ ಗೊತ್ತಿತ್ತು. ಆ ಮಾತ್ರೆಯನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರಿಗಿಲ್ಲ. ಒಸಡು ಕಂದು ತಿರುಗಿ, ಮುಖ ಊದಿ, 500 ಮಿಲಿಗ್ರಾಂನ ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. ಎರಡೂ ಬೇಡ ಅಂದೆ. ಆದರೆ "ನಾಳೆ ನೋಡುವ" ಅಂತ ಮಲಗಿದವನೂ ನಾನೇ.

ರಾತ್ರಿ ಅವನು ಬಾತ್‌ರೂಮಿನ ತಣ್ಣನೆ ನೆಲದಲ್ಲಿ ಕೂತು ಹಿಂದೆ ನೆಕ್ಕಿಕೊಳ್ಳುತ್ತಲೇ ಇದ್ದ. ಎತ್ತಲು ಹೋದರೆ ಪರಚಿದ. ಆರು ವರ್ಷದಲ್ಲಿ ಮೊದಲ ಸಲ. ಐದು ಗಂಟೆಗೆ ವಾಂತಿ. ಆಗ ಬುದ್ಧಿ ಬಂದು ಟಾರ್ಚ್ ಹಿಡಿದು ಬೇಸಿನ್ ನೋಡಿದೆ. ಮೂಲೆಯಲ್ಲಿ ಕಕ್ಕ ಇದೆ, ನಿನ್ನೆಯದೇ, ಸರಿಯಾಗೇ ಉಂಟು. ಇಲ್ಲದ್ದು ಉಚ್ಚೆ. ಅಷ್ಟು ಸಲ ಕೆದಕಿದ ಹೊಯ್ಗೆಯಲ್ಲಿ ಅಂಗೈಯಷ್ಟು ಒದ್ದೆ ಜಾಗ ಇಲ್ಲ. ಅಂಚಿನಲ್ಲಿ ರಾಗಿ ಕಾಳಿನಷ್ಟು ಒಂದು ಕೆಂಪು ಚುಕ್ಕೆ, ಅಷ್ಟೆ.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರ್ ಮೇಡಂ ಅವನ ಹೊಟ್ಟೆಗೆ ಕೈ ಹಾಕಿದ್ದೇ, ನನ್ನ ಕೈಯನ್ನೂ ಅಲ್ಲಿಟ್ಟರು. ಒಳಗೆ ಗಟ್ಟಿ ಲಿಂಬೆಹಣ್ಣು ಸಿಕ್ಕಿದ ಹಾಗೆ. ಅದು ಮೂತ್ರಕೋಶ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರಾ ಸಪೂರ. ಹರಳು ಪುಡಿ, ಲೋಳೆ ಸೇರಿ ಅಲ್ಲಿ ಬಿರಡೆ ಹಾಕಿದ ಹಾಗೆ ಕೂರುತ್ತದೆ. ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿ ಕೆಡುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ನಿಧಾನವಾಗುತ್ತಾ ಹೋಗುತ್ತದೆ. ಹೀಗೇ ಬಿಟ್ಟರೆ ಎರಡು ಮೂರು ದಿನದಲ್ಲಿ ಮುಗಿಯಿತು. "ನಿನ್ನೆ ಮಧ್ಯಾಹ್ನವೇ ತಂದಿದ್ದರೆ ಒಳ್ಳೆಯದಿತ್ತು" ಅಂದರು, ಬೈಯುವ ಧಾಟಿಯಲ್ಲಲ್ಲ. ಬೈದಿದ್ದರೆ ಸುಲಭವಿತ್ತು. ಮಂಪರು ಕೊಟ್ಟು, ದಾರದಂಥ ಕ್ಯಾಥೆಟರ್ ತೂರಿಸಿ, ಸಲೈನ್‌ನಿಂದ ತೊಳೆದು, ಎರಡು ದಿನ ಅಲ್ಲೇ ಇಟ್ಟುಕೊಂಡರು. ಮೊದಲು ಬಂದ ಮೂತ್ರ ಕೋಕಂ ಶರಬತ್ತಿನ ಬಣ್ಣ.

ಯಾಕಾಯಿತು ಅಂತ ಮೇಡಂ ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ನನಗೇ ನಾಚಿಕೆಯಾಯಿತು. ಜೂನ್ 1ರಿಂದ ಜುಲೈ 31ರ ತನಕ ಮಳೆಗಾಲದ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಮೀನಿನ ದಕ್ಕೆಯಲ್ಲಿ ಬೂತಾಯಿ ಮೀನು ಇಲ್ಲ, ಇದ್ದರೂ ನಮ್ಮ ಕೈಗೆಟುಕುವ ರೇಟಲ್ಲ. ನೀರಲ್ಲಿ ಬೇಯಿಸಿದ ಮೀನು ತಿನ್ನುತ್ತಿದ್ದವನಿಗೆ ಎರಡು ತಿಂಗಳಿಂದ ಪ್ಯಾಕೆಟ್‌ನ ಒಣ ಕಾಳು, ಮೇಲೆ ಅಮ್ಮನ ಪ್ರೀತಿಯ ಉಪ್ಪು ಒಣಮೀನು. ಮೀನಿನಲ್ಲಿ ನೂರಕ್ಕೆ ಎಪ್ಪತ್ತರಷ್ಟು ನೀರೇ, ಒಣ ಕಾಳಿನಲ್ಲಿ ಹತ್ತರಷ್ಟು. ಆ ವ್ಯತ್ಯಾಸವನ್ನು ಕುಡಿದು ತುಂಬಿಸುವ ಜಾತಿಯಲ್ಲ ಬೆಕ್ಕು. ಇದು ಸಾಲದೆಂಬಂತೆ, ಚಾವಡಿ ಸೋರುತ್ತದೆ ಅಂತ ಬೇಸಿನ್ನನ್ನು ವಾಷಿಂಗ್ ಮೆಶಿನ್ ಪಕ್ಕಕ್ಕೆ ಸರಿಸಿದ್ದೆವು. ಮೆಶಿನ್ ಗಡಗಡ ಅನ್ನುವಾಗೆಲ್ಲ ಅವನು ಅರ್ಧಕ್ಕೇ ಎದ್ದು ಓಡುತ್ತಿದ್ದ. ಬೆಕ್ಕಿಗೆ ಗಾಬರಿಯಿಂದಲೂ ಮೂತ್ರಕೋಶ ಉರಿಯುತ್ತದಂತೆ. ನಮಗೆ ಆ ಓಟ ನಗುವ ವಿಷಯವಾಗಿತ್ತು.

ಅಲ್ಲಿ ಕಾಯುವಾಗ ಒಬ್ಬಳು ಕಾಲೇಜು ಹುಡುಗಿ ಟವಲಿನಲ್ಲಿ ಮರಿ ಸುತ್ತಿ ತಂದಿದ್ದಳು. ಮೂರು ತಿಂಗಳದ್ದು, ನೀರಿನ ಬಟ್ಟಲಿನ ಮೇಲೆ ತಲೆ ಬಗ್ಗಿಸಿ ಕೂರುತ್ತದೆ, ಕುಡಿಯುವುದಿಲ್ಲ, ನೊರೆ ವಾಂತಿ, ರಕ್ತ ಭೇದಿ. ಪ್ಯಾನ್‌ಲ್ಯೂಕೋಪೇನಿಯಾ, ಬೆಕ್ಕಿಗೆ ಬರುವ ಪಾರ್ವೊ ವೈರಸ್ ರೋಗ. ಆರೆಂಟು ವಾರಕ್ಕೆ ಶುರು ಮಾಡಿ ಮೂರು ನಾಲ್ಕು ವಾರಕ್ಕೊಮ್ಮೆ, ನಾಲ್ಕು ತಿಂಗಳಾಗುವ ತನಕ ಲಸಿಕೆ ಹಾಕಿಸಿದರೆ ಹೆಚ್ಚಾಗಿ ಬರುವುದೇ ಇಲ್ಲ. "ಮನೆಯೊಳಗೇ ಇರುವ ಮರಿಗೆ ಎಂತಕ್ಕೆ ಅಂತ ಅಜ್ಜಿ ಹೇಳಿದ್ರು" ಅಂದಳು. ಆ ವೈರಸ್ ನಮ್ಮ ಚಪ್ಪಲಿಯಲ್ಲೇ ಒಳಗೆ ಬರುತ್ತದೆ, ಮನೆಯಲ್ಲಿ ವರ್ಷದ ತನಕವೂ ಉಳಿಯಬಲ್ಲದು. ನೆಲ ಫಿನಾಯಿಲಿನಲ್ಲಿ ಒರೆಸಿದ್ದಾಳಂತೆ. ಅದಕ್ಕೆ ಆ ವೈರಸ್ ಜಗ್ಗುವುದಿಲ್ಲ, ಮೇಲಿಂದ ಫಿನಾಯಿಲ್ ಬೆಕ್ಕಿಗೇ ವಿಷ. ಸೋಪಿನಲ್ಲಿ ತೊಳೆದು ಬ್ಲೀಚ್ ನೀರು ಹಾಕಬೇಕು. ನಿನ್ನೆ ಬಾಬುವನ್ನು ಕರೆತರಲು ಹೋದಾಗ ಆ ಮರಿ ಇದ್ದ ಗೂಡು ಖಾಲಿ. ಕೇಳಲಿಲ್ಲ.

ಈಗ ಮನೆಯಲ್ಲಿ ನಾಲ್ಕು ಕಡೆ ನೀರಿನ ಬಟ್ಟಲು. ಪ್ಯಾಕೆಟ್‌ನ ಒದ್ದೆ ತಿಂಡಿಗೆ ಇನ್ನೆರಡು ಚಮಚ ನೀರು ಬೆರೆಸಿ ಕೊಡುವುದು, ಒಣಮೀನು ಬಂದ್. ಬೆಳಿಗ್ಗೆ ಮೂಸಿ ಬಿಟ್ಟ, ಹೆದರಿಕೆಯಾಯಿತು. ದಪ್ಪ ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಲಿವರಿಗೆ ಕೊಬ್ಬು ತುಂಬುತ್ತದೆ, ಬಾಬು ಸಪೂರ ಏನಲ್ಲ. ಹನ್ನೊಂದು ಗಂಟೆಗೆ ಸ್ವಲ್ಪ ಬೆಚ್ಚಗೆ ಮಾಡಿ ಇಟ್ಟೆ, ಅರ್ಧ ನೆಕ್ಕಿದ. ಮೊದಲ ಕೆಲವು ವಾರಗಳಲ್ಲಿ ಮತ್ತೆ ಕಟ್ಟಿಕೊಳ್ಳುವುದು ಜಾಸ್ತಿಯಂತೆ. ಹಾಗಾಗಿ ಬೇಸಿನ್ ಈಗ ನನ್ನ ಕೋಣೆಯಲ್ಲೇ, ಮಂಚದ ಪಕ್ಕ. ವಾಸನೆಗೆ ನಾನೇ ಒಗ್ಗಿಕೊಳ್ಳಬೇಕು.

ಅಡುಗೆಕೋಣೆಯ ಕ್ಯಾಲೆಂಡರಿನಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುತ್ತಾರೆ. ಈಗ ನೋಡಿದೆ. ಇವತ್ತಿನ ಚೌಕದಲ್ಲಿ "ಹಾಲು 1", ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ಬಾಬು ಉಚ್ಚೆ 3".