ಅಕ್ಟೋಬರ್‌ನಲ್ಲಿ ಎಲೆ ಉದುರಿಸಲು ಹೋದ ಕಥೆ

ಅಕ್ಟೋಬರ್ ಬಂತೆಂದರೆ ನಮ್ಮ ಸ್ಟುಡಿಯೊದಲ್ಲಿ 'ಆಟಮ್ ಕೊಲಾಜ್' ವರ್ಕ್‌ಶಾಪ್ ನಡೆಯಲೇಬೇಕು. ಕಾಗದ, ಚಿತ್ರ ಕತ್ತರಿಸಿ ಬೋರ್ಡಿಗೆ ಅಂಟಿಸುವುದು ಕೊಲಾಜ್; ಫೆಸಿಲಿಟೇಟರ್ ಆಗಿ ಅದನ್ನು ನಡೆಸಿಕೊಡುವುದು ನನ್ನ ಕೆಲಸ. ಮೇಲಿನಿಂದ ಬಂದ ಆರ್ಡರ್. ವರ್ಷಕ್ಕೆ ನಾಲ್ಕು ಸೀಸನ್, ನಾಲ್ಕು ಡೆಕ್, ಅಂದರೆ ಸ್ಲೈಡ್‌ಗಳ ಕಟ್ಟು. ಸ್ಪ್ರಿಂಗ್ ಅಂದರೆ ಹೊಸ ಶುರು, ಸಮ್ಮರ್ ಅಂದರೆ ಖುಷಿ, ಆಟಮ್ ಅಂದರೆ ಬಿಟ್ಟುಬಿಡುವುದು, ವಿಂಟರ್ ಅಂದರೆ ವಿಶ್ರಾಂತಿ. ಆಟಮ್ ಡೆಕ್‌ನ ಮೊದಲ ಸ್ಲೈಡ್‌ನಲ್ಲಿ ಮೇಪಲ್ ಎಲೆ. ಎರಡನೆಯದರಲ್ಲೂ ಮೇಪಲ್ ಎಲೆ. ಪ್ಯಾಲೆಟ್ ಏನಪ್ಪಾ ಅಂದರೆ ಕಿತ್ತಳೆ, ಇಟ್ಟಿಗೆ ಕೆಂಪು, ಕಂದು. ಪ್ರಾಂಪ್ಟ್: 'ಮರ ಎಲೆ ಉದುರಿಸುತ್ತದೆ, ನೀವು ಏನನ್ನು ಉದುರಿಸುತ್ತೀರಿ?'

ಇದನ್ನು ಬೆಂಗಳೂರಿನಲ್ಲಿ ಕೂತು ಕೇಳಬೇಕು. ಹೊರಗೆ ಚಿತ್ತಾ ಮಳೆ ಸುರಿಯುತ್ತಿರುತ್ತದೆ. ಈ ಊರಿಗೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ. ಕಿಟಕಿಯಾಚೆ ಹೊಂಗೆ ಮರ ದಟ್ಟ ಹಸಿರಾಗಿ ನಿಂತಿರುತ್ತದೆ. ಅದು ಎಲೆ ಉದುರಿಸುವುದು ಚಳಿ ಮುಗಿದು ಬಿಸಿಲು ಏರುವಾಗ. ಉದುರಿಸಿಕೊಂಡು ಬೋಳಾಗಿ ತಿಂಗಳುಗಟ್ಟಲೆ ನಿಲ್ಲುವ ಪೈಕಿಯೂ ಅಲ್ಲ. ಯುಗಾದಿ ಬರುವಷ್ಟರಲ್ಲಿ ಮೈತುಂಬ ಚಿಗುರು. ಡೆಕ್ ಮಾಡಿದವರಿಗೆ ಇದು ಗೊತ್ತಿರಲಿಲ್ಲ, ಬಿಡಿ. ನನಗೆ ಗೊತ್ತಿತ್ತು. ಆದರೆ 'ಕಂಟೆಂಟ್ ಲಾಕ್ ಆಗಿದೆ' ಅಂದ ಮೇಲೆ ವಾದ ಮಾಡುವುದಕ್ಕೆ ನನಗೂ ಬೇಜಾರು. ಸಂಬಳ ಬರುತ್ತದಲ್ಲ, ಎಲೆ ಉದುರಿಸೋಣ ಅಂದುಕೊಂಡೆ.

ಆ ವರ್ಷದ ಬ್ಯಾಚ್ ಬಿದ್ದಿದ್ದು ಆಯುಧಪೂಜೆ ಕಳೆದ ಶನಿವಾರ. ಮೂರು ಟೇಬಲ್. ಐಟಿಯವರು ಒಂದಷ್ಟು ಜನ, ಕಾಲೇಜು ಲೆಕ್ಚರರ್‌ಗಳು, ಮಗಳ ಬಲವಂತಕ್ಕೆ ಬಂದ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಪ್ರೈಮರಿ ಶಾಲೆಯ ಟೀಚರ್ ಒಬ್ಬರು. ಮುನ್ನೂರು ಜಿಎಸ್‌ಎಂನ ದಪ್ಪ ಬೋರ್ಡ್, ಕತ್ತರಿ, ಕಟರ್, ಬಿಳಿ ಅಂಟು, ಅವೆನ್ಯೂ ರೋಡಿನಿಂದ ಕೆಜಿ ಲೆಕ್ಕದಲ್ಲಿ ತಂದ ಮ್ಯಾಗಜಿನ್. ಹಳೆಯ ಸುಧಾ, ತರಂಗ ಸಿಕ್ಕರೆ ನನಗೆ ಹಬ್ಬ. ಈ ಸಲ ಸಿಕ್ಕಿದ್ದು ಪೂರ್ತಿ ಇಂಗ್ಲಿಷ್ ಹೋಮ್ ಡೆಕೋರ್. ಬಿಳಿ ಸೋಫಾ, ಬೂದು ಗೋಡೆ, ವಾಚಿನ ಜಾಹೀರಾತು. ಪುಟ ಮಗುಚಿದಷ್ಟೂ ಬಿಳಿ ಸೋಫಾ.

ಚೆಕ್-ಇನ್‌ನಲ್ಲಿ ಎಂದಿನ ಮಾತು: 'ನಂಗೆ ಡ್ರಾಯಿಂಗ್ ಬರಲ್ಲ.' ಡೆಕ್‌ನಲ್ಲಿ ಇದಕ್ಕೆ, ಕೊಲಾಜ್ ಶುರು ಮಾಡಿದವರು ಪಿಕಾಸೊ, ಬ್ರಾಕ್, 1912 ಅಂತ ಒಂದು ಸ್ಲೈಡ್ ಇದೆ. ನಾನು ಅದನ್ನು ಹಾರಿಸಿ ಬಿನೋದ್ ಬಿಹಾರಿ ಮುಖರ್ಜಿ ವಿಷಯ ಹೇಳುತ್ತೇನೆ. ಶಾಂತಿನಿಕೇತನದ ದೊಡ್ಡ ಕಲಾವಿದರು. 1950ರ ದಶಕದಲ್ಲಿ ಕಣ್ಣಿನ ಆಪರೇಷನ್ ಕೆಟ್ಟು ಇದ್ದಬದ್ದ ದೃಷ್ಟಿಯೂ ಹೋಯಿತು. ಆಮೇಲೂ ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಕೊಲಾಜ್ ಮಾಡಿದರು. ಇದನ್ನು ಕೇಳಿದ ಮೇಲೆ ಡ್ರಾಯಿಂಗ್ ಬರಲ್ಲ ಅನ್ನುವವರು ಸುಮ್ಮನೆ ಕತ್ತರಿ ಎತ್ತಿಕೊಳ್ಳುತ್ತಾರೆ. ಇಡೀ ಕೆಲಸದಲ್ಲಿ ನನಗೆ ಇಷ್ಟವಾದ ಎರಡು ನಿಮಿಷ ಅದು.

ನಮ್ಮಲ್ಲಿ 'ಷೇರ್ ಪೈಲ್' ಅಂತ ಒಂದು ರೂಲ್ ಇತ್ತು. ಯಾರು ಏನು ತಂದರೂ ಟೇಬಲ್ ನಡುವಿನ ಟ್ರೇಗೆ ಹಾಕಬೇಕು, ಎಲ್ಲರೂ ಎಲ್ಲದರಿಂದ ಆರಿಸಿಕೊಳ್ಳಬೇಕು. ಅಪರಿಚಿತರ ನಡುವೆ ಮಾತು ಶುರುವಾಗಲಿ ಅಂತ. ಇದು ಡೆಕ್‌ನದ್ದಲ್ಲ, ನನ್ನದೇ ಐಡಿಯಾ. ನನಗೆ ಅದರ ಮೇಲೆ ಸ್ವಲ್ಪ ಜಂಬವೂ ಇತ್ತು. ಹಿಂದಿನ ದಿನ ವಾಟ್ಸಾಪ್ ಗ್ರೂಪ್‌ಗೆ ಮೆಸೇಜ್ ಹಾಕಿದ್ದೂ ನಾನೇ: 'ನಿಮಗೆ ಹತ್ತಿರವಾದ ಟಿಕೆಟ್, ಪತ್ರ, ಫೋಟೊ ಇದ್ದರೆ ತನ್ನಿ.' ಜೆರಾಕ್ಸ್ ಮಾಡಿಸಿ ತನ್ನಿ ಅಂತ ಹಾಕಿರಲಿಲ್ಲ. ಯಾರಾದರೂ ಒರಿಜಿನಲ್ ಫೋಟೊ ತರುತ್ತಾರಾ? ತಂದರೂ ಟ್ರೇಗೆ ಹಾಕುತ್ತಾರಾ? ಹೀಗಂತ ನನ್ನ ನಂಬಿಕೆ. ಶಾಲೆ ಟೀಚರ್ ಅನ್ನುವವರು ಹೇಳಿದ ರೂಲ್ ಪಾಲಿಸುವ ಜನ ಅಂತ ಹೊಳೆಯಲೇ ಇಲ್ಲ.

ಅರ್ಧ ಗಂಟೆಯಲ್ಲಿ ಎರಡು ತೊಂದರೆ ಒಟ್ಟಿಗೆ ಬಂದವು. ಮಳೆಗೆ ಕರೆಂಟ್ ಹೋಯಿತು. ಯುಪಿಎಸ್‌ನಲ್ಲಿ ದೀಪ ಉರಿಯುತ್ತದೆ, ಫ್ಯಾನ್ ತಿರುಗಲ್ಲ. ಕಾಗದವೆಲ್ಲ ತೇವ ಕುಡಿದು ಮೆತ್ತಗಾಗಿತ್ತು. ಅಂಟಿಸಿದ್ದು ಗುಳ್ಳೆ ಏಳುತ್ತಿತ್ತು, ಒಣಗುವ ಮಾತೇ ಇಲ್ಲ. ಇನ್ನೊಂದು ತೊಂದರೆ ಕಿತ್ತಳೆ ಬಣ್ಣದ್ದು. ಸ್ಕ್ರೀನ್ ಮೇಲೆ ಪ್ಯಾಲೆಟ್ ತೋರಿಸಿಬಿಟ್ಟಿದ್ದೆನಲ್ಲ, ಎಲ್ಲರಿಗೂ ಕಿತ್ತಳೆಯೇ ಬೇಕು. ಬಿಳಿ ಸೋಫಾದಲ್ಲಿ ಕಿತ್ತಳೆ ಎಲ್ಲಿಂದ ತರೋದು? ಸಿಕ್ಕ ಒಂದೆರಡು ಪುಟಕ್ಕೆ ಕಿತ್ತಾಟ. ಎರಡನೇ ಟೇಬಲ್ಲಿನ ಐಟಿ ಹುಡುಗ ಟ್ರೇಯ ತಳ ಕೆದಕಿ ಏನೋ ಎಳೆದುಕೊಂಡಿದ್ದನ್ನು ನಾನು ನೋಡಿದೆ. 'ಆಹಾ, ಒಳ್ಳೆ ಆರೆಂಜ್' ಅಂತ ಅವನ ಬೆನ್ನು ತಟ್ಟಿ ಮುಂದೆ ಹೋದೆ.

ಐದು ನಿಮಿಷ ಆಗಿರಬಹುದು. ಟೀಚರ್ ಟ್ರೇಯಲ್ಲಿ ಹುಡುಕುತ್ತಿದ್ದರು. ಮೊದಲು ಮೇಲೆ ಮೇಲೆ, ಆಮೇಲೆ ಒಂದೊಂದೇ ಚೂರು ಎತ್ತಿ. ನಂತರ ಟೇಬಲ್ ಕೆಳಗೆ ಬಗ್ಗಿದರು. ಮತ್ತೆ ಮೇಲೆ ಬಂದಾಗ ಅವರ ಕೈಯಲ್ಲಿ ಒಂದು ಕಲರ್ ಫೋಟೊ ಇತ್ತು. ಹಳೆಯ ಲಾರಿಯ ಮುಂಭಾಗ. ಎರಡೂ ಬದಿ ಬಾಳೆಕಂದು. ಚಕ್ರದ ಕೆಳಗೆ ನಿಂಬೆಹಣ್ಣು. ಪಕ್ಕದಲ್ಲಿ ಬಿಳಿ ಪಂಚೆ ಉಟ್ಟ ಒಬ್ಬರು. ನಡುವೆ, ಬಾನೆಟ್ ಇರಬೇಕಾದ ಕಡೆ, ಹಾವು ಹರಿದ ಹಾಗೆ ಒಂದು ಖಾಲಿ. ಚೆಂಡುಹೂವಿನ ಹಾರವನ್ನು ಯಾರೋ ಅಚ್ಚುಕಟ್ಟಾಗಿ ಕತ್ತರಿಸಿ ತೆಗೆದಿದ್ದರು.

'ಅಪ್ಪನ ಕೈ ಎಲ್ಲಿ?' ಅಂದರು.

ಜೋರಾಗಿ ಅನ್ನಲಿಲ್ಲ. ಆದರೂ ಮೂರೂ ಟೇಬಲ್ಲಿನ ಕತ್ತರಿ ನಿಂತವು. ಹುಡುಗ ತನ್ನ ಬೋರ್ಡ್ ನೋಡಿಕೊಂಡ. ಅಲ್ಲಿ ಬರೀ ಹಾರ ಇರಲಿಲ್ಲ. ಹಾರ ಹಿಡಿದಿದ್ದ ನಾಲ್ಕು ಬೆರಳೂ ಬಂದಿದ್ದವು. ಅವನು ಹಾರವನ್ನು ಉದುರುವ ಎಲೆಗಳ ಸಾಲಿನಂತೆ ಓರೆಯಾಗಿ ಅಂಟಿಸಿದ್ದ. ಮುಖ ಬಿಳಿಚಿಕೊಂಡಿತು. 'ಸಾರಿ ಮೇಡಂ, ಇದು ಪೈಲ್‌ನಲ್ಲಿ...' ಅಂತ ನನ್ನ ಕಡೆ ನೋಡಿದ. ಯಾರೋ 'ನೆಗೆಟಿವ್ ಇದ್ಯಾ?' ಅಂದರು. ಇರಲಿಲ್ಲ. ಇದ್ದದ್ದು ಆ ಒಂದೇ ಪ್ರಿಂಟ್.

ಆ ಹೊತ್ತಿನಲ್ಲಿ ಫೆಸಿಲಿಟೇಟರ್ ಬಾಯಿಂದ ಏನು ಬರಬೇಕು? ಟ್ರೈನಿಂಗ್‌ನಲ್ಲಿ ಕಲಿಸಿರುತ್ತಾರೆ, 'ರಿಫ್ರೇಮ್ ಮಾಡಿ' ಅಂತ. ಎಂಥ ಅನಾಹುತವನ್ನೂ ಥೀಮ್‌ಗೆ ಜೋಡಿಸಿಬಿಡುವ ಚಟ ನಮಗೆಲ್ಲ ಹತ್ತಿಬಿಟ್ಟಿರುತ್ತದೆ. ನಾನು ಹತ್ತಿರ ಹೋಗಿ, ಡೆಕ್‌ನ ಅದೇ ಮೆತ್ತನೆ ದನಿಯಲ್ಲಿ, 'ಇದೂ ಒಂಥರಾ ಬಿಟ್ಟುಕೊಡೋದೇ ಅಲ್ವಾ ಮೇಡಂ' ಅಂದೆ.

ಅವರು ನನ್ನನ್ನು ನೋಡಿದ ರೀತಿ ಬರೆಯಲು ಬರುವುದಿಲ್ಲ. ಹೋಮ್‌ವರ್ಕ್ ಬೇರೆಯವರದ್ದು ನೋಡಿ ಬರೆದ ಮಕ್ಕಳನ್ನು ಹಾಗೆ ನೋಡುತ್ತಿದ್ದರೇನೋ. 'ನಾನು ಏನನ್ನೂ ಬಿಡೋಕೆ ಬಂದಿಲ್ಲಪ್ಪ. ಇದನ್ನ ಮಧ್ಯದಲ್ಲಿ ಅಂಟಿಸಿ ಸುತ್ತ ಹೂವು ಹಾಕೋಣ ಅಂತ ಬಂದೆ' ಅಂದರು.

ನನ್ನ ಹತ್ತಿರ ಮುಂದಿನ ವಾಕ್ಯ ಇರಲಿಲ್ಲ. ಸ್ಕ್ರೀನ್ ಮೇಲೆ ಮೇಪಲ್ ಎಲೆ ಇನ್ನೂ ಬೀಳುತ್ತಲೇ ಇತ್ತು. ಆ ಸ್ಲೈಡ್‌ಗೆ ಅನಿಮೇಷನ್ ಬೇರೆ.

ಉಳಿಸಿದ್ದು ನನ್ನ ಕೋ-ಫೆಸಿ, ಅಂದರೆ ನನ್ನ ಜೊತೆ ವರ್ಕ್‌ಶಾಪ್ ನಡೆಸುವವನು. ಅವನು ಮೊದಲು ಬೈಂಡಿಂಗ್ ಅಂಗಡಿಯಲ್ಲಿದ್ದವನು. ಮಾತು ಕಡಿಮೆ, ಅದಕ್ಕೇ ನಮ್ಮ ಮ್ಯಾನೇಜ್‌ಮೆಂಟಿಗೆ ಅವನು 'ಎಂಗೇಜಿಂಗ್' ಅಲ್ಲ. ಹುಡುಗನ ಬೋರ್ಡ್ ಕಣ್ಣಿನ ಮಟ್ಟಕ್ಕೆ ಎತ್ತಿ ಓರೆಯಾಗಿ ನೋಡಿದ. 'ಒಣಗಿಲ್ಲ' ಅಂದ. ಅಷ್ಟೇ. ಬೆಳಗ್ಗೆಯಿಂದ ನಾವು ಬೈಯುತ್ತಿದ್ದ ಮಳೆ ಇಲ್ಲಿ ಕೈ ಹಿಡಿದಿತ್ತು. ಬಿಳಿ ಅಂಟು ಅಂಚಿನಲ್ಲಿ ಕೆನೆಗಟ್ಟಿತ್ತು, ಒಳಗೆ ಹಾಲಿನಂತೆಯೇ ಇತ್ತು. ಆ ಕಾಲದ ಕಲರ್ ಪ್ರಿಂಟಿನ ಬೆನ್ನಿಗೆ ತೆಳು ಪ್ಲಾಸ್ಟಿಕ್ ಲೇಪ ಇರುತ್ತದೆ. ಸಾದಾ ಕಾಗದದ ಹಾಗೆ ಅದು ಅಂಟನ್ನು ಹೀರಿಕೊಳ್ಳುವುದಿಲ್ಲ. ಅವನು ಜೇಬಿನಿಂದ ಮೆಟ್ರೊ ಕಾರ್ಡ್ ತೆಗೆದು ಒಂದು ತುದಿಯಿಂದ ಒಳಗೆ ತೂರಿಸಿದ. ಎತ್ತಲಿಲ್ಲ, ಮಲಗಿಸಿದಂತೆಯೇ ಜಾರಿಸುತ್ತಾ ಹೋದ. ಬೆರಳುಗಳಿದ್ದ ಜಾಗಕ್ಕೆ ಬಂದಾಗ ನಿಂತು ಉಸಿರು ಬಿಟ್ಟ. ಹಾರ ಇಡಿಯಾಗಿ ಬಂತು.

ಬೆನ್ನಿನ ಅಂಟನ್ನು ಹಿಂಡಿದ ಬಟ್ಟೆಯಲ್ಲಿ ಒರೆಸಿದ. ಮುಂಭಾಗ ಮುಟ್ಟಲು ಹೋದ ನನ್ನ ಕೈಯನ್ನು ತಳ್ಳಿದ. ಪ್ರಿಂಟಿನ ಮುಖದ ಮೇಲಿರುವುದು ಜೆಲಟಿನ್, ನೀರು ತಾಗಿದರೆ ಮೆತ್ತಗಾಗಿ ಬೆರಳಚ್ಚು ಕೂರುತ್ತದೆ. ಬ್ಯಾಂಕ್ ಮ್ಯಾನೇಜರ್ ಸೆಲ್ಲೋಟೇಪ್ ತಂದುಕೊಟ್ಟರು. 'ಬೇಡ ಸಾರ್, ಹಳದಿ ಆಗುತ್ತೆ, ಗಮ್ಮು ಇಳಿಯುತ್ತೆ' ಅಂದು ತೆಳು ರೈಸ್ ಪೇಪರ್ ಪಟ್ಟಿ ಹರಿದುಕೊಂಡ. ಕತ್ತರಿಸಲಿಲ್ಲ, ಹರಿದ. ಹರಿದ ಅಂಚು ತೆಳ್ಳಗಿರುತ್ತದೆ, ಗೆರೆ ಎದ್ದು ಕಾಣಲ್ಲ. ಹಿಂದಿನಿಂದ ಜೋಡಿಸಿ, ಬಟರ್ ಪೇಪರ್ ನಡುವೆ ಇಟ್ಟು, ಬಿಳಿ ಸೋಫಾದ ಮ್ಯಾಗಜಿನ್‌ಗಳನ್ನೆಲ್ಲ ಮೇಲೆ ಪೇರಿಸಿದ. ಅವುಗಳಿಂದ ಆದ ಒಂದೇ ಉಪಯೋಗ. ಅರ್ಧ ಗಂಟೆ ಬಿಟ್ಟು ತೆಗೆದಾಗ ಬೆರಳುಗಳ ಬಳಿ ಕೂದಲೆಳೆಯಷ್ಟು ಗೆರೆ ಉಳಿದಿತ್ತು. ಅದು ಹೋಗುವುದಿಲ್ಲ.

ಕೊನೆಗೆ ಎಲ್ಲರೂ ಸುತ್ತ ಕೂತು ತಮ್ಮ ಕೊಲಾಜ್ ಬಗ್ಗೆ ಹೇಳುವ ಷೇರಿಂಗ್ ಸರ್ಕಲ್‌ನಲ್ಲಿ ಹುಡುಗ 'ಪಾಸ್' ಅಂದ. ಅವನ ಬೋರ್ಡಿನಲ್ಲಿ ಹಾರದ ಆಕಾರದ ಅಂಟಿನ ಗುರುತು ಮಾತ್ರ ಇತ್ತು. ಟೀಚರ್ ಪಾಸ್ ಮಾಡಲಿಲ್ಲ. ಅಪ್ಪ ಪುಣೆ ಲೈನಿನ ಲಾರಿ ಓಡಿಸುತ್ತಿದ್ದರಂತೆ. ಮನೆಯಲ್ಲಿ ಕಾಣುವುದೇ ಅಪರೂಪ. ಆಯುಧಪೂಜೆಗೆ ಮಾತ್ರ ಎಲ್ಲಿದ್ದರೂ ಬಂದು ಲಾರಿಯನ್ನು ಮನೆ ಮುಂದೆ ನಿಲ್ಲಿಸುತ್ತಿದ್ದರು. ತೊಳೆಯುವುದು ಅಣ್ಣಂದಿರ ಕೆಲಸ, ಹಾರ ಕಟ್ಟುವುದು ಇವರದ್ದು. 'ಆ ಹಾರ ನಾನು ಕಟ್ಟಿದ್ದು. ಉದ್ದ ಜಾಸ್ತಿ ಆಗಿತ್ತು, ಅದಕ್ಕೇ ಅಪ್ಪ ಕೈಲಿ ಎತ್ತಿ ಹಿಡ್ಕೊಂಡಿದ್ರು' ಅಂದರು.

ಆಮೇಲೆ ನೋಡಿ, ಪ್ರಾಂಪ್ಟ್ ಯಾರಿಗೂ ನೆನಪಿಲ್ಲ. ಒಬ್ಬರು ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸುವ ವಿಷಯ ತೆಗೆದರು. ಇನ್ನೊಬ್ಬರು ಬನ್ನಿ ಎಲೆ ಹಂಚಲು ಹೋಗಿ ಮಾತುಬಿಟ್ಟ ಚಿಕ್ಕಪ್ಪನ ಮನೆ ಬಾಗಿಲಲ್ಲಿ ನಿಂತಿದ್ದನ್ನು ಹೇಳಿದರು. ಬ್ಯಾಂಕ್ ಮ್ಯಾನೇಜರ್ ಕ್ಯಾಶ್ ಕೌಂಟಿಂಗ್ ಮೆಷಿನ್‌ಗೆ ಕುಂಕುಮ ಇಟ್ಟು ಸೆನ್ಸರ್ ಕೆಡಿಸಿದ ಕಥೆ ಹೇಳಿದಾಗ ಟೀಚರ್ ಕೂಡ ನಕ್ಕರು. ಉದುರಿಸುವ ಮಾತು ಒಬ್ಬರೂ ಆಡಲಿಲ್ಲ. ಈ ಊರಿನ ಅಕ್ಟೋಬರ್ ಅಂದರೆ ಬಂದು ಸೇರುವ ತಿಂಗಳು. ನಾನು ಅದಕ್ಕೆ ಉಲ್ಟಾ ಪ್ರಶ್ನೆ ಹಿಡಿದು ನಿಂತಿದ್ದೆ.

ಸೋಮವಾರ ಡಿಬ್ರೀಫ್ ಕಾಲ್. ನಮ್ಮ ಮ್ಯಾನೇಜರ್‌ಗೆ ತಲೆನೋವು ಫೋಟೊದ್ದಲ್ಲ, ಎನ್‌ಪಿಎಸ್, ಅಂದರೆ ಬಂದವರು ಕೊಡುವ ರೇಟಿಂಗ್, ಇಳಿದಿದ್ದು. ಫಾರ್ಮ್‌ನಲ್ಲಿ 'ನಿಮ್ಮ ಪರ್ಸನಲ್ ಗ್ರೋತ್ ಎಷ್ಟು' ಅಂತ 1ರಿಂದ 10ರವರೆಗೆ ಒಂದು ಪ್ರಶ್ನೆ ಇದೆ, ಬಿಟ್ಟು ಮುಂದೆ ಹೋಗಲು ಬಿಡಲ್ಲ. ಟೀಚರ್ 1 ಒತ್ತಿದ್ದರು. ಪರಿಹಾರವಾಗಿ ಬಂದಿದ್ದು ಒಂದು ಡಿಸ್‌ಕ್ಲೇಮರ್: 'ವಸ್ತುಗಳ ಹಾನಿಗೆ ಸ್ಟುಡಿಯೊ ಜವಾಬ್ದಾರಿಯಲ್ಲ.'

ಈಗ ನನ್ನ ಟೇಬಲ್‌ಗಳಲ್ಲಿ ಷೇರ್ ಪೈಲ್‌ಗೆ ಮ್ಯಾಗಜಿನ್ ಮಾತ್ರ. ಸ್ವಂತದ್ದು ಸ್ವಂತ ಕವರ್‌ನಲ್ಲಿ, ಹೆಸರು ಬರೆದು. ಒರಿಜಿನಲ್ ತಂದವರನ್ನು ಬಾಗಿಲಲ್ಲೇ ಕೆಳಗಿನ ಅಂಗಡಿಗೆ ಕಲರ್ ಜೆರಾಕ್ಸ್‌ಗೆ ಅಟ್ಟುತ್ತೇನೆ. ಮಳೆಗಾಲದಲ್ಲಿ ನೀರು ಬೆರೆಸಿದ ಅಂಟು ಬಂದ್, ಗ್ಲೂ ಸ್ಟಿಕ್ ಅಷ್ಟೇ. ಬೋರ್ಡ್ ಬಾಗದಿರಲು ಹಿಂದೆಯೂ ಒಂದು ಹಾಳೆ ಅಂಟಿಸುವುದನ್ನು ಕೋ-ಫೆಸಿ ಕಲಿಸಿದ. ಮತ್ತೆ, ಯಾರದ್ದಾದರೂ ಏನಾದರೂ ಹಾಳಾದರೆ ಥೀಮ್‌ಗೆ ಜೋಡಿಸಬೇಡಿ. ಅದು ಒಣಗಿದೆಯಾ ನೋಡಿ.

ಸೀಸನ್ ವಿಷಯದಲ್ಲಿ ಜಗಳ ಇನ್ನೂ ನಡೆದಿದೆ. ಎಲೆ ಉದುರುವುದನ್ನು ಫೆಬ್ರವರಿಗೆ ಹಾಕೋಣ ಅಂದೆ. ಆಗ ಇಲ್ಲಿ ಬೀದಿಯಲ್ಲೇ ಎಲೆ ಸಿಗುತ್ತದೆ, ಪಕ್ಕದಲ್ಲೇ ಟಬೆಬುಯಾ ಮರ ಗುಲಾಬಿ ಬಣ್ಣದಲ್ಲಿ ಅರಳಿರುತ್ತದೆ. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನ್ ಸಸ್ಯತಜ್ಞ ಕ್ರುಂಬೀಗಲ್, ಒಂದಾದ ಮೇಲೆ ಒಂದು ಮರ ಹೂ ಬಿಡುವಂತೆ ಲೆಕ್ಕ ಹಾಕಿ ಈ ಊರಿನ ರಸ್ತೆಗಳಿಗೆ ಗಿಡ ಆರಿಸಿದವರು. ನಮಗೆ ರೆಡಿಮೇಡ್ ಕ್ಯಾಲೆಂಡರ್ ರಸ್ತೆಯಲ್ಲೇ ನಿಂತಿದೆ, ಡೆಕ್ ಯಾಕೆ ಅಂದೆ. 'ಬ್ರ್ಯಾಂಡ್ ಕನ್ಸಿಸ್ಟೆನ್ಸಿ' ಅಂತ ಉತ್ತರ ಬಂತು. ಕೊನೆಗೆ ರಾಜಿ ಆಗಿದ್ದು ಹೀಗೆ: ಪೋಸ್ಟರ್ ಮೇಲೆ ಮೇಪಲ್ ಎಲೆ ಅವರದ್ದು, ಟೇಬಲ್ ಮೇಲೆ ಚೆಂಡುಹೂವು ನಮ್ಮದು. ಹೂವಿನ ಬಿಲ್ ಪಾಸಾಯಿತು. ಜೆರಾಕ್ಸ್ ಬಿಲ್ ಮಾತ್ರ 'ನಾಟ್ ಇನ್ ಬಜೆಟ್' ಅಂತ ಎರಡು ಸಲ ವಾಪಸ್ ಬಂದಿದೆ. ನಾಳೆ ಮತ್ತೆ ಕಳಿಸುತ್ತೇನೆ.