ವಾಷಿಂಗ್ಟನ್‌ನಲ್ಲಿ ನಾವೂ ಲಾಬಿ ಮಾಡಿದೆವು

ಊರಲ್ಲಿ ಲಾಬಿ ಅಂದರೆ ಕದ್ದುಮುಚ್ಚಿ ಮಾಡುವ ವ್ಯವಹಾರ ಅಂತಲೇ ಅಂದುಕೊಳ್ಳುತ್ತೇವೆ, ಅಲ್ವಾ? ವಾಷಿಂಗ್ಟನ್‌ನಲ್ಲಿ ಅದು, ಅಂದರೆ ಕಾನೂನು ತಮ್ಮವರಿಗೆ ಬೇಕಾದಂತೆ ಆಗಲಿ ಅಂತ ಸಂಸದರನ್ನು ಒಪ್ಪಿಸುವುದು, ಸಂಬಳದ ಕೆಲಸ. ಕೆ ಸ್ಟ್ರೀಟ್ ಅದಕ್ಕೇ ಹೆಸರಾದ ರಸ್ತೆ. 1995ರ ಕಾನೂನಿನಂತೆ ಲಾಬಿಗಾರರು ಹೆಸರು ನೋಂದಾಯಿಸಬೇಕು. ಯಾರ ಪರವಾಗಿ, ಯಾವ ವಿಷಯಕ್ಕೆ, ಎಷ್ಟು ಹಣ ಅಂತ ಈಗ ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು. ಒಟ್ಟು ಖರ್ಚು ವರ್ಷಕ್ಕೆ 400 ಕೋಟಿ ಡಾಲರ್ ದಾಟಿದೆ. ಔಷಧ ಕಂಪನಿಗಳು ಸದಾ ಮುಂದಿನ ಸಾಲಿನಲ್ಲೇ ಇರುತ್ತವೆ.

ನಿಯಮಗಳೂ ತಮಾಷೆಯಾಗಿವೆ. ಲಾಬಿಗಾರರು ಸಂಸದರನ್ನು ಹೋಟೆಲಿಗೆ ಕರೆದೊಯ್ದು ಊಟ ಕೊಡಿಸುವಂತಿಲ್ಲ. ಪಾರ್ಟಿಯಲ್ಲಿ ನಿಂತುಕೊಂಡು ಟೂತ್‌ಪಿಕ್‌ನಲ್ಲಿ ಚುಚ್ಚಿ ತಿನ್ನುವ ಕುರುಕಲಾದರೆ ಪರವಾಗಿಲ್ಲ. ಚುನಾವಣಾ ನಿಧಿಗೆ ಅಂತ ಊಟ ಇಟ್ಟರೆ ಅದೇ ಲಾಬಿಗಾರ ಆರಾಮಾಗಿ ಕೂತು ಉಂಡು, ಚೆಕ್ಕನ್ನೂ ಕೊಡಬಹುದು!

ಆದರೆ ನಿಜವಾದ ಕೆಲಸ ನಡೆಯುವುದು ಸಂಸದರ ಕಚೇರಿಯ ಚಿಕ್ಕ ಕೋಣೆಗಳಲ್ಲಿ. ಅಲ್ಲಿ ಮಸೂದೆಗಳನ್ನು ಓದುವವರು ಹೆಚ್ಚಾಗಿ ಇಪ್ಪತ್ತು, ಮೂವತ್ತರ ಹುಡುಗ ಹುಡುಗಿಯರು. ಆರೋಗ್ಯ, ಕೃಷಿ, ವಲಸೆ ಎಲ್ಲವೂ ಒಬ್ಬರ ತಲೆ ಮೇಲೇ ಇರುತ್ತದೆ. ಲಾಬಿಗಾರ ಬಂದು ಒಂದೇ ಪುಟದಲ್ಲಿ ವಿಷಯ ಬಿಡಿಸಿ ಹೇಳುತ್ತಾನೆ, ಬೇಕಾದ ತಿದ್ದುಪಡಿಯನ್ನೂ ಬರೆದುಕೊಡುತ್ತಾನೆ. ಎಷ್ಟೋ ಸಲ ಅವನು ಹಿಂದೆ ಅಲ್ಲೇ ಕೆಲಸ ಮಾಡಿದವನು. ಅವನ ಮಾತು ಸುಳ್ಳಾಗಿರಬೇಕಿಲ್ಲ. ಇನ್ನೊಂದು ಕಡೆಯವರಿಗೆ ಹಾಗೆ ದಿನವೂ ಬಂದು ಕೂರಲು ದುಡ್ಡಿಲ್ಲ, ಅಷ್ಟೇ. ನನಗೆ ಲಂಚಕ್ಕಿಂತ ಇದೇ ದೊಡ್ಡ ವಿಷಯ ಅನಿಸುತ್ತದೆ.

ಗ್ರೀನ್ ಕಾರ್ಡಿಗೆ, ಅಂದರೆ ಅಮೆರಿಕದಲ್ಲಿ ಕಾಯಂ ನೆಲೆಸುವ ಪರವಾನಗಿಗೆ, ಕಾಯುವ ನಾವೂ ಹಾಗೆ ದುಡ್ಡಿಲ್ಲದ ಒಂದು ಗುಂಪು. ಉದ್ಯೋಗದ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ. ಭಾರತಕ್ಕೂ ಅಷ್ಟೇ, ಪುಟ್ಟ ಐಸ್‌ಲ್ಯಾಂಡಿಗೂ ಅಷ್ಟೇ; ಹಾಗಾಗಿ ನಮ್ಮ ಸಾಲು ಬಹಳ ಉದ್ದ. ಅದನ್ನು ತೆಗೆಸಲು ರಜೆ ಹಾಕಿ, ಒಂದು ಪುಟದ ಮನವಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದೆವು. ನಮಗೆ ಓಟಿಲ್ಲ, ಚುನಾವಣೆಗೆ ಒಂದು ಡಾಲರ್ ಕೊಡುವಂತೆಯೂ ಇಲ್ಲ. ಆದರೂ ಕೇಳಿಸಿಕೊಂಡರು. ತಮ್ಮ ಸರದಿ ಹಿಂದೆ ಬೀಳುತ್ತದೆ ಅಂತ ಬೇರೆ ದೇಶದ ಕೆಲವರು ವಿರೋಧಿಸಿದರು. ಅವರ ಭಯವೂ ಸುಮ್ನೆ ಅಲ್ಲ.

2019ರ ಜುಲೈನಲ್ಲಿ ಕೆಳಮನೆಯಲ್ಲಿ 365-65 ಮತಗಳಿಂದ ಆ ಮಿತಿ ತೆಗೆಯುವ ಮಸೂದೆ ಪಾಸಾಯಿತು. 2020ರ ಡಿಸೆಂಬರ್‌ನಲ್ಲಿ ಮೇಲ್ಮನೆಯಾದ ಸೆನೆಟ್ ಬೇರೆಯದೇ ರೂಪವನ್ನು ಒಪ್ಪಿತು. ಎರಡನ್ನೂ ಹೊಂದಿಸುವ ಮೊದಲೇ ಆ ಸಂಸತ್ತಿನ ಅವಧಿ ಮುಗಿದು ಎಲ್ಲವೂ ಬಿದ್ದುಹೋಯಿತು. ಮತ್ತೆ ಹೋದಾಗ ಕಚೇರಿಗಳಲ್ಲಿ ಹೊಸ ಹುಡುಗರಿದ್ದರು. ಶೇ. 7 ಅಂದರೇನು ಅನ್ನುವಲ್ಲಿಂದಲೇ ಶುರು ಮಾಡಬೇಕಾಯಿತು.