ಮೈದನಹಳ್ಳಿಯ ಜಿಂಕೆಗಳು, ಸುತ್ತಲ ಹೊಲಗಳು

ಮಧುಗಿರಿಯಿಂದ ಹೊರಟು ಕೊಡಿಗೇನಹಳ್ಳಿ ಮುಟ್ಟುವ ಹೊತ್ತಿಗೆ ಏಕಶಿಲಾ ಬೆಟ್ಟ ಹಿಂದೆ ಉಳಿದು, ಎದುರಿಗೆ ಬರೀ ಬಯಲು. ಆಂಧ್ರದ ಗಡಿ ಇಲ್ಲಿಂದ ಹತ್ತಿರ. ಚಹಾ ಅಂಗಡಿಯಲ್ಲಿ ದಾರಿ ಕೇಳಿದರೆ ಕನ್ನಡದಲ್ಲಿ ಶುರುವಾದ ಉತ್ತರ ತೆಲುಗಿನಲ್ಲಿ ಮುಗಿಯಿತು. ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇರುವುದು ಈ ಬಯಲಿನಲ್ಲೇ. 2007ರಲ್ಲಿ ಘೋಷಣೆಯಾದ, ಸುಮಾರು 800 ಎಕರೆಯ ಹುಲ್ಲುಗಾವಲು.

ಬೆಳಗಿನ ಎಳೆಬಿಸಿಲಿಗೆ ಹಿಂಡು ಕಂಡಿತು. ಹೆಣ್ಣುಗಳು ಕಂದು, ಮಧ್ಯೆ ಒಂದೇ ಒಂದು ಕಪ್ಪು ಗಂಡು, ತಿರುಚಿದ ಕೊಂಬು ಬೆನ್ನಿಗೆ ತಾಗುವಂತೆ ಕತ್ತೆತ್ತಿ ನಡೆಯುತ್ತಿತ್ತು. ಏನೋ ಸದ್ದಾಗಿ ಒಂದು ಮರಿ ನೆಗೆಯಿತು, ಅದರ ಹಿಂದೆ ಹಿಂಡೆಲ್ಲ ನೆಗೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಲ್ಲದಿದ್ದರೆ ಈ ನೋಟ ನಮ್ಮ ಪಾಲಿಗೆ ಇರುತ್ತಿರಲಿಲ್ಲ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಮೀಸಲು ಪ್ರದೇಶದ ಗಡಿ ಜಿಂಕೆಗೆ ಗೊತ್ತಿಲ್ಲವಲ್ಲ. ಆಚೆ ಬದಿಯ ಕಡ್ಲೆಕಾಯಿ ಹೊಲದ ಸುತ್ತ ಹಳೇ ಸೀರೆಗಳನ್ನು ಗೂಟಕ್ಕೆ ಬಿಗಿದಿದ್ದರು. ಬಣ್ಣ ಹೋದ ಸೆರಗುಗಳು, ನಡುನಡುವೆ ಗಾಳಿಗೆ ಕಟಕಟ ಅನ್ನುವ ಖಾಲಿ ಬಾಟಲಿ. ಒಂದು ಮೂಲೆಯಲ್ಲಿ ಹಂದಿ ಉತ್ತಿಟ್ಟ ಮಣ್ಣು, ಅದರ ಮೇಲೆ ಕಾಯಿ ಕಳಚಿದ ಗಿಡಗಳು ಬೇರು ಮೇಲಾಗಿ ಬಾಡುತ್ತಿದ್ದವು. ಹೊಲದ ಯಜಮಾನರು ನನ್ನನ್ನು ಮೊದಲು ಅರಣ್ಯ ಇಲಾಖೆಯವನೆಂದುಕೊಂಡರು. ಅಲ್ಲವೆಂದ ಮೇಲೆ ಬದುವಿನ ಮೇಲೆ ಕೂರಿಸಿಕೊಂಡರು.

“ಜಿಂಕೆ ನಮ್ಮೂರಿನವೇ ಸಾರ್. ಹೊಡೀರಿ ಅಂತ ನಾನ್ಯಾವತ್ತೂ ಅನ್ನಲ್ಲ. ಆದ್ರೆ ಅವುಕ್ಕೆ ಮೇವು ಹಾಕ್ತಿರೋನು ನಾನು, ಸರ್ಕಾರ ಅಲ್ಲ.”

ಹಗಲು ಜಿಂಕೆ, ರಾತ್ರಿ ಹಂದಿ. ಬಿತ್ತನೆಯಿಂದ ಕೀಳುವವರೆಗೆ ಗುಡ್ಲಲ್ಲಿ ಅಪ್ಪ ಒಂದು ರಾತ್ರಿ, ಮಗ ಒಂದು ರಾತ್ರಿ ಕಾವಲು. ಬೆಳೆ ಹೋದರೆ ಪರಿಹಾರಕ್ಕೆ ಅರ್ಜಿ ಹಾಕಬಹುದು. ಇವರ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದೆ. ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಗುತ್ತಿಗೆಗೆ ಮಾಡುವವರ ಪಾಡು ಇನ್ನೂ ಕಷ್ಟ, ಅವರ ಬಳಿ ಯಾವ ಕಾಗದವೂ ಇಲ್ಲ.

ಬೇಟೆಯ ಮಾತೂ ಬಂತು. ಈ ಸೀಮೆಯಲ್ಲಿ ಯುಗಾದಿ ಹೊತ್ತಿಗೆ ಊರಿನ ಗಂಡಸರೆಲ್ಲ ಬಲೆ, ನಾಯಿ ಕಟ್ಟಿಕೊಂಡು ಮೊಲದ ಬೇಟೆಗೆ ಹೋಗುತ್ತಿದ್ದ ಕಾಲವಿತ್ತು. ಕಾನೂನು ಅದನ್ನು ಅಪರಾಧ ಮಾಡಿತು, ಸರಿಯೇ. ಆದರೆ ಕದ್ದು ಹಾಕುವ ಉರುಳು ನಿಂತಿಲ್ಲ. ಬೈಕಿನ ಕ್ಲಚ್ ವೈರನ್ನು ಕುಣಿಕೆ ಮಾಡಿ ಬೇಲಿಯ ಸಂದಿಗೆ ಕಟ್ಟಿದರೆ ಅದಕ್ಕೆ ಹಂದಿಯೂ ಒಂದೇ, ಚಿರತೆ, ಕರಡಿಯೂ ಒಂದೇ. ಸೊಂಟಕ್ಕೆ ಬಿಗಿದ ತಂತಿಯಲ್ಲಿ ಪ್ರಾಣಿ ದಿನಗಟ್ಟಲೆ ನರಳಿ ಸಾಯುತ್ತದೆ. ಇದನ್ನು ರೈತನ ಕಷ್ಟದ ಹೆಸರಲ್ಲಿ ಒಪ್ಪಿಕೊಳ್ಳಲು ನನ್ನಿಂದ ಆಗುವುದಿಲ್ಲ.

ರಾಜಕೀಯದವರ ಚರ್ಚೆ ಮಾತ್ರ ಬಂದೂಕಿನ ಸುತ್ತಲೇ ಗಿರಕಿ ಹೊಡೆಯುತ್ತದೆ. 2016ರಲ್ಲಿ ಬಿಹಾರದಲ್ಲಿ ನೀಲಗಾಯಿಗಳನ್ನು ಗುಂಡಿಟ್ಟು ಕೊಂದಾಗ ಕೇಂದ್ರ ಸಚಿವರಾಗಿದ್ದ ಮೇನಕಾ ಗಾಂಧಿ ಮತ್ತು ಪ್ರಕಾಶ್ ಜಾವಡೇಕರ್ ಒಂದೇ ಸರ್ಕಾರದಲ್ಲಿದ್ದೂ ಬಹಿರಂಗವಾಗಿ ಜಗಳವಾಡಿದರು. ಕೇರಳ 2022ರಲ್ಲಿ ಹಂದಿ ಹೊಡೆಸುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೇ ಕೊಟ್ಟಿತು. ಬೆಳೆ ತಿನ್ನುವ ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ದಾರಿ ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್‌ನಲ್ಲೇ ಇದೆ. ಕೃಷ್ಣಮೃಗ ಅತಿ ಹೆಚ್ಚು ರಕ್ಷಣೆಯ ಮೊದಲನೇ ಅನುಸೂಚಿಯದ್ದು, ಬೆಳೆ ತಿಂದಿತೆಂದು ಅದನ್ನು ಕೊಲ್ಲಲು ಅನುಮತಿ ಸಿಗುವುದಿಲ್ಲ. ಸಿಗಲೂ ಬಾರದು. ಹಾಗಾದರೆ ಮೈದನಹಳ್ಳಿಯ ರೈತನಿಗೆ ಬಂದೂಕಿನ ಚರ್ಚೆಯಿಂದ ಬಂದದ್ದೇನು?

ಯಜಮಾನರ ಬೇಡಿಕೆ ಇಷ್ಟೇ: ಮಣ್ಣು ಹಸಿ ಇರುವಾಗಲೇ ಯಾರಾದರೂ ಬಂದು ಮಹಜರು ಮಾಡಲಿ, ಪಹಣಿ ಯಾರ ಹೆಸರಲ್ಲೇ ಇರಲಿ, ಉಳುವವನ ಕೈಗೆ ದುಡ್ಡು ಸೇರಲಿ. ಆ ಮೂಲೆಯ ಫೋಟೋ ತೆಗೆದು ಅವರ ಮಗನ ಮೊಬೈಲಿಗೆ ಕಳಿಸಿದೆ. ನಾಡಿದ್ದು ಪೌತಿ ಖಾತೆಗೆ ನಾಡಕಚೇರಿಗೆ ಹೋಗುತ್ತಾರಂತೆ.